ಗರಡಿಯ ಬಲವೂ ಶರಣರ ಬಲವೂ



ಲೋಕದಲ್ಲಿ ಬಲವನ್ನು ಮೆಚ್ಚದವರು ವಿರಳ. ಜಾತ್ರೆಯ ಕಣದಲ್ಲಿ ಇಬ್ಬರು ಪೈಲ್ವಾನರು ತೊಡೆ ತಟ್ಟಿ ನಿಂತರೆಂದರೆ ಮುದುಕರು ಊರುಗೋಲನ್ನು ಮರೆತು ನಿಲ್ಲುವರು. ಮಕ್ಕಳು ತಂದೆಯ ಹೆಗಲೇರಿ ನೋಡುವರು. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಕುಸ್ತಿಯನ್ನು ನೋಡಿದವರೆಲ್ಲರೂ ಇದನ್ನು ಬಲ್ಲರು. ಗೆದ್ದವನ ಕೊರಳಿಗೆ ಹಾರ ಬೀಳುವುದು. ಸೋತವನು ಮೈಮೇಲಿನ ಮಣ್ಣನ್ನು ಒರೆಸಿಕೊಂಡು ಗುಂಪಿನಲ್ಲಿ ಮರೆಯಾಗುವನು. ಆದರೆ ಮುಂದಿನ ಜಾತ್ರೆಯ ಹೊತ್ತಿಗೆ ಆ ಹಾರ ಬಾಡಿರುತ್ತದೆ, ಆ ತೋಳಿನ ಬಲವೂ ಒಂದಿಷ್ಟು ಇಳಿದಿರುತ್ತದೆ, ಕಣದಲ್ಲಿ ಬೇರೊಬ್ಬನ ಜಯಘೋಷ ಕೇಳುತ್ತಿರುತ್ತದೆ. ಹಾಗಾದರೆ ಹಾರ ಬಾಡಿದ ಮೇಲೆಯೂ ಹಿರಿಯನಾಗಿ ಉಳಿಯುವ ಮಲ್ಲನಾರು? ಅವನನ್ನು ಹಿರಿಯನನ್ನಾಗಿ ಮಾಡಿದ ವಸ್ತು ಯಾವುದು?

ಈ ಪ್ರಶ್ನೆಯು ಗರಡಿಯ ಹುಡುಗರಿಗೆ ಮಾತ್ರ ಸೇರಿದುದೆಂದು ಯಾರೂ ಭಾವಿಸಬಾರದು. ವೀರವೆಂಬ ಮಾತು ನಮ್ಮ ಹೆಸರಿನಲ್ಲಿಯೇ ಕೂಡಿಕೊಂಡಿರುವಾಗ, ವೀರನೆಂದರೆ ಯಾರೆಂಬುದನ್ನು ಅರಿಯದೆ ಇರುವುದು ನಮಗೆ ಸಲ್ಲದು. ಇದರಲ್ಲಿ ಗೃಹಸ್ಥರ ಒಂದು ನಿಜವಾದ ತೊಡಕೂ ಅಡಗಿದೆ. ಒಬ್ಬ ತಂದೆಯು, “ದಯೆಯೇ ಧರ್ಮದ ಬೇರೆಂದು ಕಲಿತವರು ನಾವು, ಮಗನನ್ನು ಹೊಡೆದಾಟದ ವಿದ್ಯೆಗೆ ಕಳುಹಿಸುವುದೆಂತು?” ಎಂದು ಹಿಂಜರಿಯುವನು. ಮತ್ತೊಬ್ಬ ತಂದೆಯು, “ಕಾಲ ಕೆಟ್ಟಿದೆ, ಮುಷ್ಟಿ ಗಟ್ಟಿಯಿಲ್ಲದವನನ್ನು ಜನ ತುಳಿದುಬಿಡುವರು” ಎಂದು ಅವಸರಪಡುವನು. ಇಬ್ಬರೂ ಮಗನ ಹಿತವನ್ನೇ ಬಯಸುವವರು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ನಾವು ಗರಡಿಯಲ್ಲಿಯೂ ಶರಣರಲ್ಲಿಯೂ ಹುಡುಕೋಣ.

ಮೊದಲು ಗರಡಿಯ ಬಾಗಿಲಿಗೇ ಹೋಗೋಣ. ನಮ್ಮ ನಾಡಿನ ಹಳೆಯ ಗರಡಿಗಳಲ್ಲಿ ಅನೇಕಕ್ಕೆ ಬಾಗಿಲು ಗಿಡ್ಡ. ಎಂತಹ ಜಗಜಟ್ಟಿಯಾದರೂ ತಲೆಯನ್ನು ಬಾಗಿಸಿಯೇ ಒಳಹೊಗಬೇಕು. ಒಳಗೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಹದಗೊಳಿಸುವರು. ಸಾಮಿಗೆ ಬಂದವನು ಮೊದಲು ಗುದ್ದಲಿ ಹಿಡಿದು ಮಣ್ಣನ್ನು ಅಗೆದು ಮೆತ್ತಗೆ ಮಾಡಬೇಕು. ಏಕೆ? ಬೀಳುವವನಿಗೆ ಪೆಟ್ಟಾಗಬಾರದೆಂದು. ಎದುರಾಳಿ ಬೀಳುವ ಜಾಗವನ್ನು ತನ್ನ ಕೈಯಿಂದಲೇ ಮೃದುವಾಗಿಸಿ ಅನಂತರ ಅವನೊಡನೆ ಸೆಣಸುವುದು ಈ ವಿದ್ಯೆಯ ಮೊದಲನೆಯ ಪಾಠ. ಅಖಾಡಕ್ಕಿಳಿದವನು ಮಣ್ಣನ್ನು ಹಣೆಗೆ ಮುಟ್ಟಿಸಿಕೊಳ್ಳುವನು. ಹಿಡಿತ ಜಾರದಿರಲೆಂದು ಎದುರಾಳಿಯ ಮೈಗೂ ಮಣ್ಣೆರಚುವನು. ಎರಡೂ ಭುಜಗಳು ನೆಲವನ್ನು ಮುಟ್ಟಿದರೆ ಸೋಲು. ಅಲ್ಲಿಗೆ ಕಾಳಗ ಮುಗಿಯಿತು. ಬಿದ್ದವನನ್ನು ತುಳಿಯುವ ಪದ್ಧತಿ ಇಲ್ಲ. ಮೈಸೂರಿನ ದಸರೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವು ನೋಡಲು ಘೋರವಾದುದು. ಅದೂ ಸಹ ತಲೆಯಿಂದ ರಕ್ತ ಚಿಮ್ಮಿದುದು ಕಂಡೊಡನೆ ನಿಂತುಹೋಗುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಅರಿಯದವನಿಗೆ ಗರಡಿಯ ಸಂಪ್ರದಾಯದಲ್ಲಿ ಜಾಗವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ವಿದ್ಯೆ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಭಾಗವೇ ಇದೆ. ಮಲ್ಲರ ವರ್ಗಗಳನ್ನೂ ಅವರ ಆಹಾರವನ್ನೂ ಸಾಮುಗಳನ್ನೂ ರಾಜನು ಅಲ್ಲಿ ವಿವರಿಸಿದ್ದಾನೆ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಅನಂತರ ಮತ್ತೊಂದು ಗರಡಿಯು ತೆರೆಯಿತು. ಅದಕ್ಕೆ ಅನುಭವ ಮಂಟಪವೆಂದು ಹೆಸರು. ಅರಸನ ಗರಡಿಗೆ ಬಲಿಷ್ಠರನ್ನು ಆರಿಸಿ ತರುತ್ತಿದ್ದರು. ಈ ಗರಡಿಗೆ ಅಗಸರು, ಅಂಬಿಗರು, ಸಮಗಾರರು, ಹೆಂಗಸರು, ಬಡವರು ತಾವಾಗಿಯೇ ಬಂದರು. ಅಲ್ಲಿ ಸೆಣಸಾಟವು ಅರಿಷಡ್ವರ್ಗಗಳೊಡನೆ. ಆ ಗರಡಿಯ ಹಿರಿಯ ಗುರುವಾಗಿ ಶೂನ್ಯಸಿಂಹಾಸನವನ್ನೇರಿದವರು ನಮ್ಮ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಅಲ್ಲಮಪ್ರಭುದೇವರು.

ಪ್ರಭುದೇವರ ಚರಿತ್ರೆಯಲ್ಲಿ ನಮ್ಮ ಪ್ರಶ್ನೆಗೆ ನೇರವಾದ ಉತ್ತರವಿರುವ ಒಂದು ಪ್ರಸಂಗವಿದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಅದು ಬಂದಿದೆ. ಗೋರಕ್ಷನೆಂಬ ಸಿದ್ಧನು ಬಹುಕಾಲದ ಸಾಧನೆಯಿಂದ ತನ್ನ ದೇಹವನ್ನು ವಜ್ರದಂತೆ ಗಟ್ಟಿಗೊಳಿಸಿಕೊಂಡಿದ್ದನು. ಆಯುಧವು ತಾಗದ ಕಾಯ ತನ್ನದೆಂದು ಅವನಿಗೆ ಹೆಮ್ಮೆ. ತನ್ನನ್ನು ಖಡ್ಗದಿಂದ ಹೊಡೆದು ಪರೀಕ್ಷಿಸುವಂತೆ ಪ್ರಭುದೇವರಿಗೆ ಹೇಳಿದನು. ಹೊಡೆದಾಗ ಕಲ್ಲಿಗೆ ಕಬ್ಬಿಣ ತಾಗಿದಂತೆ ಸದ್ದಾಯಿತೇ ಹೊರತು ಒಂದು ಕೂದಲೂ ಕತ್ತರಿಸಲಿಲ್ಲ. ಅನಂತರ ಪ್ರಭುದೇವರು ತಮ್ಮನ್ನು ಹೊಡೆಯುವಂತೆ ಹೇಳಿದರು. ಗೋರಕ್ಷನು ಬೀಸಿದ ಖಡ್ಗವು ಬಯಲಿನಲ್ಲಿ ಹಾದುಹೋದಂತೆ ಅವರ ದೇಹದಲ್ಲಿ ಹಾದುಹೋಯಿತು. ಸದ್ದೂ ಇಲ್ಲ, ಗಾಯವೂ ಇಲ್ಲ. ಗೋರಕ್ಷನು ಬೆರಗಾಗಿ ಕೈಮುಗಿದನು.

ಈ ಕಥೆಯನ್ನು ಪವಾಡವೆಂದು ಕೇಳಿ ತಲೆದೂಗಿ ಎದ್ದುಹೋಗುವವರಿಗೆ ಅದರ ಫಲ ದೊರೆಯದು. ಗೋರಕ್ಷನು ಸಾಮಾನ್ಯನಲ್ಲ; ಅವನ ಸಾಧನೆಯೂ ಸುಳ್ಳಲ್ಲ. ಆದರೆ ಖಡ್ಗವು ತಾಗಿ ಸದ್ದಾಗಬೇಕಾದರೆ ಅಲ್ಲಿ ಎದುರು ನಿಲ್ಲುವ ಒಂದು ವಸ್ತು ಇರಲೇಬೇಕು. “ನಾನು ಸೋಲತಕ್ಕವನಲ್ಲ” ಎಂಬ ಗಟ್ಟಿತನವೇ ಆ ವಸ್ತು. ಪ್ರಭುದೇವರಲ್ಲಿ ನಾನೆಂಬುದೇ ಅಳಿದಿದ್ದುದರಿಂದ ಖಡ್ಗಕ್ಕೆ ತಾಗಲು ಏನೂ ಉಳಿದಿರಲಿಲ್ಲ. ಗಟ್ಟಿಯಾದುದಕ್ಕೆ ಇಂದಲ್ಲ ನಾಳೆ ಅದಕ್ಕಿಂತ ಗಟ್ಟಿಯಾದುದು ಎದುರಾಗುವುದು, ಬಯಲಿಗೆ ಎದುರಾಳಿಯುಂಟೆ?

ಗರಡಿಯ ಅನುಭವಿಗಳೂ ಇದನ್ನು ತಮ್ಮ ಮಟ್ಟಿಗೆ ಬಲ್ಲರು. ಹಟದಿಂದ ಬಿಗಿದುಕೊಂಡು ನಿಂತವನನ್ನು ಬೀಳಿಸುವುದು ಸುಲಭ; ಅವನು ಮುಂದಕ್ಕೆ ನೂಕಿದರೆ ಆ ನೂಕನ್ನೇ ಬಳಸಿ ಅವನನ್ನು ಉರುಳಿಸುವರು. ಸಿಟ್ಟು ಬಂದವನ ಉಸಿರು ಮೇಲುಮೇಲಕ್ಕೆ ಆಡುವುದು, ಸ್ನಾಯುಗಳು ಬಿಗಿಯುವುವು, ದಣಿವು ಬೇಗ ಬರುವುದು; ಮುಂದೆ ಅವನು ಏನು ಮಾಡುವನೆಂಬುದು ಎದುರಾಳಿಗೆ ಮೊದಲೇ ತಿಳಿದುಹೋಗುವುದು. ಕೋಪವೆಂಬ ಬೆಂಕಿಗೆ ಮೊದಲು ಆಹುತಿಯಾಗುವುದು ಅದನ್ನು ಹೊತ್ತಿಸಿದವನ ಮನೆಯೇ ಎಂಬ ಬಸವಣ್ಣನವರ ಬೋಧೆಯನ್ನು ತಾವೆಲ್ಲರೂ ಕೇಳಿದ್ದೀರಿ. ಅದು ಮಠದಲ್ಲಿ ಎಷ್ಟು ಸತ್ಯವೋ ಅಖಾಡದಲ್ಲಿಯೂ ಅಷ್ಟೇ ಸತ್ಯ. ಎದುರಾಳಿಯನ್ನು ದ್ವೇಷಿಸುವವನು ತನ್ನ ಅರ್ಧ ಬಲವನ್ನು ಅವನಿಗೇ ಒಪ್ಪಿಸಿಬಿಟ್ಟಿರುತ್ತಾನೆ.

ಇನ್ನು ಸೋಲಿನ ಮಾತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಾವು ನಗುತ್ತ ಆಡುತ್ತೇವೆ. ಆದರೆ ಅದರಲ್ಲಿ ನಮ್ಮೆಲ್ಲರ ಚಿತ್ರವಿದೆ. ವ್ಯಾಪಾರದಲ್ಲಿ ಸೋತರೂ, ಮಾತಿನಲ್ಲಿ ತಪ್ಪಿದರೂ, ಮಕ್ಕಳ ಮುಂದೆ ಅನ್ಯಾಯವಾಗಿ ನಡೆದರೂ, ಮೀಸೆಗೆ ಮಣ್ಣು ತಾಗಲಿಲ್ಲವೆಂದು ಸಾಧಿಸುವವರೇ ಹೆಚ್ಚು. ಸೋಲನ್ನು ಒಪ್ಪದವನಿಗೆ ಕಲಿಯುವ ದಾರಿ ಮುಚ್ಚಿತು. ಗೋರಕ್ಷನ ಹಿರಿಮೆ ಎಲ್ಲಿದೆಯೆಂದರೆ, ಸೋತ ಕ್ಷಣದಲ್ಲಿಯೇ ಅವನು ಕೈಮುಗಿದನು. ವಜ್ರಕಾಯವು ಕೊಡಲಾರದುದನ್ನು ಆ ಒಂದು ನಮಸ್ಕಾರವು ಅವನಿಗೆ ಕೊಟ್ಟಿತು.

ಲೋಕದ ಕುಸ್ತಿಯಲ್ಲಿಯೂ ಇದಕ್ಕೆ ದೃಷ್ಟಾಂತವಿದೆ. ನಮ್ಮ ಗಡಿಯಾಚೆಯ ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ ಅವರು 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಆರನೆಯ ಸ್ಥಾನಕ್ಕೆ ನಿಂತರು. ಮಣ್ಣಿನಲ್ಲಿ ಕಲಿತವರಿಗೆ ಅಲ್ಲಿಯ ಚಾಪೆಯ ಮೇಲಿನ ಕುಸ್ತಿ ಹೊಸತು. ಮಣ್ಣಿನಲ್ಲಾಗಿದ್ದರೆ ನೋಡುತ್ತಿದ್ದೆನೆಂದು ನೆವ ಹೇಳುತ್ತ ಕೂರುವ ಬದಲು ಅವರು ಕೊರತೆಯನ್ನರಿತು ಮತ್ತೆ ಸಾಧನೆಗೆ ತೊಡಗಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಗತವಾಗಿ ದೊರೆತ ಮೊದಲನೆಯ ಒಲಿಂಪಿಕ್ ಪದಕವದು. ಆ ಪದಕದ ಬೀಜವು ನಾಲ್ಕು ವರ್ಷಗಳ ಹಿಂದಿನ ಆರನೆಯ ಸ್ಥಾನದಲ್ಲಿಯೇ ಇದ್ದಿತು.

ಭದ್ರಾವತಿಯ ಭಕ್ತರಿಗೆ ಈ ತತ್ವವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬೆಂಕಿಪುರವೆಂಬುದು ಆ ಊರಿನ ಹಳೆಯ ಹೆಸರು. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕಬ್ಬಿಣವನ್ನು ಹೊರತೆಗೆಯಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಲಿನಿಂದ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಇದ್ದಲು ಉರಿದು ಅದಿರಿನಿಂದ ಕಬ್ಬಿಣವನ್ನು ಬಿಡಿಸುವುದು. ಸುಣ್ಣದ ಕಲ್ಲು ಕಲ್ಮಷಗಳನ್ನು ಕೂಡಿಸಿಕೊಂಡು ಕಿಟ್ಟವಾಗಿ ಮೇಲೆ ತೇಲುವುದು. ಹೀಗೆ ಬಂದುದು ಬೀಡುಕಬ್ಬಿಣ. ಅದು ಬಹು ಗಡಸು. ಆದರೆ ಸುತ್ತಿಗೆಯ ಪೆಟ್ಟಿಗೆ ಬಾಗದೆ ಒಡೆದುಹೋಗುವುದು. ಕಾರಣವೇನು? ಅದಿರಿನಿಂದ ಅದನ್ನು ಬಿಡಿಸಿದ ಇದ್ದಲಿನ ಇಂಗಾಲವೇ ನೂರಕ್ಕೆ ಸುಮಾರು 4 ಪಾಲು ಅದರೊಳಗೆ ಸೇರಿಕೊಂಡುಬಿಟ್ಟಿರುತ್ತದೆ. ಮತ್ತೊಮ್ಮೆ ಕಾಯಿಸಿ ಆ ಇಂಗಾಲವನ್ನು 2 ಪಾಲಿಗಿಂತ ಬಹಳ ಕಡಿಮೆ ಮಾಡಿದಾಗ ಮಾತ್ರ ಅದು ಉಕ್ಕಾಗುವುದು.

ಗರಡಿಯ ಸಾಧನೆಯೂ ಹೀಗೆಯೇ. ದಂಡ, ಬಸ್ಕಿ, ಗದೆಗಳ ಸಾಧನೆಯು ಹುಡುಗನನ್ನು ದೌರ್ಬಲ್ಯವೆಂಬ ಅದಿರಿನಿಂದ ಬಿಡಿಸುವುದು ನಿಜ. ಆದರೆ ಬಿಡಿಸಿದ ಆ ಸಾಧನೆಯೇ ಅವನೊಳಗೆ ಒಂದಿಷ್ಟು ಅಹಂಕಾರವನ್ನು ಸೇರಿಸಿಬಿಡುವುದು. ಅಲ್ಲಿಗೇ ನಿಂತವನು ಬೀಡುಕಬ್ಬಿಣದಂತಾಗುವನು: ನೋಡಲು ಗಡಸು, ಒಂದು ಅವಮಾನದ ಪೆಟ್ಟು ಬಿದ್ದರೆ ಚೂರು. ಗುರುವಿನ ಮಾತೆಂಬ, ಅರಿವೆಂಬ ಎರಡನೆಯ ಬೆಂಕಿಯಲ್ಲಿ ಆ ಸೊಕ್ಕು ಸುಡಬೇಕು. ಉಕ್ಕಿನಲ್ಲಿ ಇಂಗಾಲವು ಪೂರ್ತಿಯಾಗಿ ಹೋಗಿರುವುದಿಲ್ಲವೆಂಬುದನ್ನೂ ಗಮನಿಸಬೇಕು. ಲೇಶಮಾತ್ರ ಉಳಿದುದರಿಂದಲೇ ಅದಕ್ಕೆ ಬಲ. ಹಾಗೆಯೇ ಸಂಸಾರಿಯಾದವನಲ್ಲಿ ಅನ್ಯಾಯಕ್ಕೆ ತಲೆಬಾಗದಷ್ಟು ಸ್ವಾಭಿಮಾನ ಉಳಿದಿರಬೇಕು. ಅದೂ ಇಲ್ಲದವನು ಶಾಂತನೆನಿಸಿಕೊಳ್ಳಲಾರನು, ಅವನು ಅಂಜುಬುರುಕನು.

ಹಾಗಾದರೆ ಬಲವಂತನು ಕೈಯೆತ್ತುವ ಸಂದರ್ಭ ಯಾವುದು? ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲುಗಳನ್ನು ಮಕ್ಕಳಿಗೆ ತೋರಿಸಿರಿ. ಅಂತಹ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನು ದೇವಕನ್ಯೆಯರೊಡನೆ ಮೇಲಕ್ಕೆ ಸಾಗುವುದು, ತುದಿಯಲ್ಲಿ ಲಿಂಗದ ಸನ್ನಿಧಿ. ಊರವರು ಕಲ್ಲು ನಿಲ್ಲಿಸಿದ್ದು ಯಾರಿಗೆ? ತುರುಗಳನ್ನು ಅಟ್ಟಿಕೊಂಡು ಹೋದಾಗ ಬಿಡಿಸಲು ಹೋದವನಿಗೆ, ಹೆಣ್ಣಿನ ಮಾನವನ್ನು ಕಾಯಲು ನಿಂತವನಿಗೆ, ಊರಿನ ಅಳಿವನ್ನು ತಡೆಯಲು ಪ್ರಾಣ ಕೊಟ್ಟವನಿಗೆ. ಕಾದವನ ನೆನಪಿಗೆಂದೇ ನಮ್ಮ ಹಿರಿಯರು ಕಲ್ಲನ್ನು ಕಡೆಸಿದರು.

ಈ ಸೀಮೆಯನ್ನಾಳಿದ ಕೆಳದಿಯ ಚೆನ್ನಮ್ಮಾಜಿಯನ್ನು ನೆನೆಯಿರಿ. 1689ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಜಿಂಜಿಯ ಕಡೆಗೆ ಹೋಗುತ್ತ ಆಶ್ರಯ ಬೇಡಿದಾಗ, ಕೊಟ್ಟರೆ ಔರಂಗಜೇಬನ ಸೈನ್ಯವು ಬಾಗಿಲಿಗೆ ಬರುವುದೆಂದು ಆಕೆ ಬಲ್ಲಳು. ಬಲ್ಲವಳಾಗಿಯೂ ಆಶ್ರಯವಿತ್ತಳು, ಸೈನ್ಯವು ಬಂದಾಗ ಎದುರಿಸಿದಳು. ಮರೆಹೊಕ್ಕವನನ್ನು ಒಪ್ಪಿಸಿ ಸುಖವಾಗಿರುವ ದಾರಿ ಆಕೆಗೆ ತೆರೆದೇ ಇದ್ದಿತು. ಇನ್ನು ಕಲ್ಯಾಣದಲ್ಲಿ ವಿಪ್ಲವವೆದ್ದಾಗ ವಚನದ ಕಟ್ಟುಗಳನ್ನೂ ಶರಣ ಸಮೂಹವನ್ನೂ ಕಾಯುತ್ತ ಉಳವಿಯ ದಾರಿಯಲ್ಲಿ ಸೈನ್ಯವನ್ನು ತಡೆದವರು ಮಡಿವಾಳ ಮಾಚಿದೇವರೆಂದು ಪರಂಪರೆಯು ಹೇಳುತ್ತದೆ. ಅವರ ನಿತ್ಯದ ಕಾಯಕ ಬಟ್ಟೆಯ ಕೊಳೆಯನ್ನು ತೊಳೆಯುವುದು. ಗಣಾಚಾರದ ವೀರವೆಂದರೆ ಇದು: ಬೇರೆ ದಿನಗಳಲ್ಲಿ ಕಾಯಕ, ಕಾಯಬೇಕಾದ ದಿನ ಕಾಪು, ಕಾದ ಮೇಲೆ ಮತ್ತೆ ಕಾಯಕ.

ಶರಣರು ಹೇಳಿದ ದಾಸೋಹ ತತ್ವವನ್ನು ಅನ್ನಕ್ಕೆ ಮಾತ್ರ ಸೀಮಿತಗೊಳಿಸಬಾರದು. ದುಡಿದ ಹಣದಂತೆ ದುಡಿದು ಪಡೆದ ಮೈಬಲವೂ ಒಂದು ಸಂಪತ್ತು. ಅದು ಬಲವಿಲ್ಲದವರಿಗೆ ಸಲ್ಲಬೇಕಾದುದು. ಊರಿನಲ್ಲಿ ಗಲಭೆಯೆದ್ದು ಎರಡು ಗುಂಪುಗಳು ಕಲ್ಲು ಹಿಡಿದು ನಿಂತಾಗ, ಯಾವ ಗುಂಪಿನ ಕೂಗಿಗೂ ತನ್ನ ತೋಳನ್ನು ಮಾರಿಕೊಳ್ಳದೆ, ನಡುಬೀದಿಯಲ್ಲಿರುವ ಅನ್ಯರ ಮನೆಯ ಮಗುವನ್ನು ಎತ್ತಿಕೊಂಡು ಬರುವವನು ದಾಸೋಹಿ. ಬಲವನ್ನು ಬಾಡಿಗೆಗೆ ಕೊಟ್ಟು ಹೊಡೆಯಲು ಹೋಗುವವನು ಗರಡಿಯ ಮಣ್ಣಿಗೂ ದ್ರೋಹಿ, ಗುರುವಿಗೂ ದ್ರೋಹಿ.

ತಾಯಂದಿರೂ ಈ ಸಭೆಯಲ್ಲಿರುವುದರಿಂದ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಹೊರಗೆ ಮೃದುವಾಗಿದ್ದು ಮನೆಯೊಳಗೆ ಮಲ್ಲರಾಗುವವರು ನಮ್ಮಲ್ಲಿ ಇಲ್ಲದಿಲ್ಲ. ಹೆಂಡತಿಯ ಮೇಲೆ, ಮಕ್ಕಳ ಮೇಲೆ, ವೃದ್ಧ ತಾಯಿಯ ಮೇಲೆ ಕೈಯೆತ್ತುವವನು ಕೊರಳಲ್ಲಿ ಲಿಂಗವನ್ನು ಧರಿಸಿ ಮಾಡುವ ಪೂಜೆಯು ಯಾರಿಗೆ ತಲುಪೀತು? ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆಯು ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಪ್ರಕಟವಾದಾಗ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಚಿಂತೆ ಕವಿಯಿತು. ಸಂಬಳ ನಿಂತ ದಿನ ಸಂಜೆ ಮನೆಗೆ ಬರುವ ಗೃಹಸ್ಥನ ಮುಂದೆ ಇರುವ ಕುಸ್ತಿಗೆ ಯಾವ ಜಾತ್ರೆಯ ಕುಸ್ತಿಯೂ ಸಮನಲ್ಲ. ಒಳಗೆ ಭಯ, ಅವಮಾನ, ಕೋಪ ಮೂರೂ ಒಟ್ಟಿಗೆ ಹಿಡಿದು ಕೆಡವಲು ನೋಡುತ್ತವೆ. ಆ ಹೊತ್ತಿನಲ್ಲಿ ಹೆಂಡದಂಗಡಿಯ ಕಡೆ ತಿರುಗದೆ, ಮನೆಯವರ ಮೇಲೆ ಹರಿಹಾಯದೆ, ಇದ್ದುದನ್ನು ಇದ್ದಂತೆ ಹೇಳಿ, ಮರುದಿನ ಸಿಕ್ಕಿದ ಕಾಯಕಕ್ಕೆ ಕೈಹಾಕುವವನಿಗೆ ಹಾರ ಹಾಕುವವರಿಲ್ಲ, ಜಯಘೋಷ ಮಾಡುವವರಿಲ್ಲ. ಆದರೂ ನಾನು ಅವನನ್ನೇ ಜಗಜಟ್ಟಿಯೆಂದು ಕರೆಯುವೆನು.

ಹೊಗಳಿಕೆಯ ಆಶೆಯಿಲ್ಲದೆ ಹೋರಾಡುವುದು ಹೇಗೆಂಬುದಕ್ಕೆ ಶಿಕಾರಿಪುರದ ಬಳಿಯ ಉಡುತಡಿಯ ಮಹಾದೇವಿಯಕ್ಕನವರೇ ಸಾಕ್ಷಿ. ಅವರ ಕೈಯಲ್ಲಿ ಖಡ್ಗವಿರಲಿಲ್ಲ, ಬೆನ್ನಿಗೆ ಸೈನ್ಯವಿರಲಿಲ್ಲ. ಅರಸನಾದ ಕೌಶಿಕನ ಸಿರಿಯನ್ನೂ ಬಲವನ್ನೂ ತಿರಸ್ಕರಿಸಿ ಒಬ್ಬಂಟಿಯಾಗಿ ಹೊರಟರು. ಕಲ್ಯಾಣದಲ್ಲಿ ಪ್ರಭುದೇವರ ಕಠೋರವಾದ ಪ್ರಶ್ನೆಗಳಿಗೆ ಸಿಡುಕದೆ ಕುಗ್ಗದೆ ಉತ್ತರವಿತ್ತರು. ಜನ ಹೊಗಳಿದರೂ ತೆಗಳಿದರೂ ಅಲುಗದ ಚಿತ್ತವು ಅವರದು. ಚಪ್ಪಾಳೆಗೆ ಉಬ್ಬಿ ಕೂಗಿಗೆ ಕುಸಿಯುವ ಪೈಲ್ವಾನನು ಅಕ್ಕನವರಿಂದ ಕಲಿಯಬೇಕಾದುದು ಬಹಳವಿದೆ.

ಆದುದರಿಂದ, ಹಿಂಜರಿಯುವ ತಂದೆಯೇ, ಮಗನನ್ನು ಧಾರಾಳವಾಗಿ ಗರಡಿಗೆ ಕಳುಹಿಸು. ಕಾಯವು ಲಿಂಗಪೂಜೆಗೂ ಕಾಯಕಕ್ಕೂ ಬೇಕಾದ ಸಾಧನ, ಅದನ್ನು ದುರ್ಬಲವಾಗಿಟ್ಟುಕೊಳ್ಳುವುದು ಧರ್ಮವಲ್ಲ. ಅವಸರದ ತಂದೆಯೇ, ಕಳುಹಿಸುವ ಮೊದಲು ಉಸ್ತಾದರ ನಡತೆಯನ್ನು ವಿಚಾರಿಸು. ಬರಿಯ ಪಟ್ಟುಗಳನ್ನು ಕಲಿಸುವವರಿಗಿಂತ, ಗೆದ್ದವನನ್ನು ಬಾಗಿಸುವ, ಸೋತವನನ್ನು ಎಬ್ಬಿಸುವ ಗುರುವನ್ನು ಆರಿಸು. ಸಾಮು ಮುಗಿಸಿ ಬಂದ ಮಗನಿಗೆ, “ಇಂದು ಯಾರನ್ನು ಕೆಡವಿದೆ?” ಎಂದು ಕೇಳುವುದಕ್ಕಿಂತ, “ಇಂದು ಯಾರಿಗೆ ಕಲಿಸಿದೆ? ಯಾರಿಂದ ಕಲಿತೆ?” ಎಂದು ಕೇಳು. ರಾತ್ರಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ನೀನೂ ನಿನ್ನನ್ನು ಕೇಳಿಕೋ: ಇಂದು ಈ ಅಂಗೈ ಯಾರನ್ನು ಕಾಯಿತು? ಯಾರನ್ನು ನೋಯಿಸಿತು? ಲಿಂಗವನ್ನು ಹಿಡಿಯುವ ಅಂಗೈಯೂ ಮುಷ್ಟಿಯಾಗುವ ಅಂಗೈಯೂ ಒಂದೇ ಎಂಬುದನ್ನು ಮರೆಯದವನಿಗೆ ಬೇರೊಂದು ಎಚ್ಚರಿಕೆ ಬೇಕಾಗಿಲ್ಲ.

ಶಿವಮೊಗ್ಗದ ಮಗ್ಗುಲಲ್ಲಿ ತುಂಗೆಯು ಹರಿಯುತ್ತಾಳೆ. ಕಬ್ಬಿಣದ ಊರಿನಲ್ಲಿ ಭದ್ರೆಯು ಹರಿಯುತ್ತಾಳೆ. ಬೇರೆಬೇರೆಯಾಗಿ ಹರಿದಷ್ಟು ದೂರ ಅವು ಎರಡು ಹೊಳೆಗಳು. ಕೂಡಲಿಯಲ್ಲಿ ಕೂಡಿದ ಮೇಲೆ ತುಂಗಭದ್ರೆಯಾಗಿ ನಾಡಿಗೆಲ್ಲ ಅನ್ನವನ್ನು ಕೊಡುತ್ತವೆ. ಮೈಯ ಬಲವೂ ಮನದ ಶಾಂತಿಯೂ ನಮ್ಮ ಮನೆಗಳ ಮಕ್ಕಳಲ್ಲಿ ಹಾಗೆಯೇ ಕೂಡಿ ಹರಿಯಲಿ. ಆ ಹರಿವು ಬಾಯಾರಿದವರ ಕಡೆಗೆ ಸಾಗಲಿ.